ಚಿರತೆಹಲ್ಲಿಯ ಸಾಕಣೆ ಮತ್ತು ಮನೆಮಂದಿಯ ಆರೋಗ್ಯ

ಪ್ರಾಣಿಗಳನ್ನು ಸಾಕುವ ಹಂಬಲ ಮಾನವನಿಗೆ ಹೊಸದೇನೂ ಅಲ್ಲ. ಹುಟ್ಟೂರಿನ ಕೊಟ್ಟಿಗೆಯಲ್ಲಿ ದನಕರುಗಳ ನಡುವೆ ಬೆಳೆದ ಕುಟುಂಬಗಳು ಉದ್ಯೋಗ ನಿಮಿತ್ತ ಮಹಾನಗರಗಳಿಗೆ ಬಂದು ನೆಲೆಸಿದ ಮೇಲೂ ಆ ಹಂಬಲ ಬತ್ತಲಿಲ್ಲ. ಆದರೆ ಅದಕ್ಕೆ ಬೇಕಾದ ಅಂಗಳ ಬತ್ತಿತು. ಹೈದರಾಬಾದಿನ ಕಾಚಿಗೂಡ, ಬರ್ಕತ್‌ಪುರಗಳ ಹಳೆಯ ಮನೆಗಳಲ್ಲಿ ಒಂದು ನಾಯಿಗಾದರೂ ಜಾಗವಿತ್ತು. ಇಂದು ಕೊಂಡಾಪುರ, ಮಿಯಾಪುರಗಳ ಬಹುಮಹಡಿ ಕಟ್ಟಡಗಳ ಎರಡು ಕೋಣೆಯ ಮನೆಗಳಲ್ಲಿ ಮಕ್ಕಳು ಪ್ರಾಣಿ ಬೇಕೆಂದು ಹಟ ಹಿಡಿದಾಗ, ಬೊಗಳದ, ಕೂದಲುದುರಿಸದ, ಮೂಲೆಯೊಂದರಲ್ಲಿ ಇಡಬಹುದಾದ ಜೀವಿಯನ್ನು ತಂದೆತಾಯಿಗಳು ಹುಡುಕುತ್ತಾರೆ. ಹಾಗೆ ಹುಡುಕುವವರ ಕಣ್ಣಿಗೆ ಈಚಿನ ವರ್ಷಗಳಲ್ಲಿ ಬೀಳುತ್ತಿರುವ ಜೀವಿಗಳಲ್ಲಿ ಲೆಪರ್ಡ್ ಗೆಕೊ ಒಂದು. ಕನ್ನಡದಲ್ಲಿ ಅದನ್ನು ಚಿರತೆಹಲ್ಲಿ ಎಂದು ಕರೆಯಬಹುದು.

ಹಲ್ಲಿಯನ್ನು ಹಣ ಕೊಟ್ಟು ತಂದು ಸಾಕುವುದೇ ಎಂದು ಹಿರಿಯರು ಹುಬ್ಬೇರಿಸುವುದು ಸಹಜ. ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ನಿಜವೆಂದು ನೆಲ ತಟ್ಟುವ, ಮೈಮೇಲೆ ಬಿದ್ದರೆ ಪಂಚಾಂಗ ತೆರೆದು ಗೌಳಿಪತನದ ಫಲ ನೋಡುವ, ಕಂಚಿಯ ವರದರಾಜಸ್ವಾಮಿಯ ದೇವಾಲಯದಲ್ಲಿ ಬಂಗಾರದ ಹಲ್ಲಿಯನ್ನು ಮುಟ್ಟಿ ದೋಷ ಕಳೆದುಕೊಳ್ಳುವ ಸಮಾಜಕ್ಕೆ ಹಲ್ಲಿಯ ಪರಿಚಯವೇನೂ ಕಡಿಮೆಯಿಲ್ಲ. ಆದರೆ ಶಕುನದ ಹಲ್ಲಿಯನ್ನು ಬಲ್ಲವರೆಲ್ಲರೂ ಸಾಕುವ ಹಲ್ಲಿಯ ಅಗತ್ಯಗಳನ್ನು ಬಲ್ಲರೆಂದಲ್ಲ. ಆ ಜೀವಿಗೆ ಬೇಕಾದ ವಸತಿ ಎಂತಹುದು, ಆಹಾರವೇನು, ಅದರಿಂದ ಮನೆಯ ಶಿಶುಗಳಿಗೂ ವೃದ್ಧರಿಗೂ ಒದಗಬಹುದಾದ ಅಪಾಯವೇನು, ಅದನ್ನು ತಡೆಯುವ ಬಗೆ ಹೇಗೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಜೀವಿಯ ಪರಿಚಯ

ಚಿರತೆಹಲ್ಲಿಯ ವೈಜ್ಞಾನಿಕ ನಾಮ ಯೂಬ್ಲೆಫಾರಿಸ್ ಮ್ಯಾಕ್ಯುಲೇರಿಯಸ್. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದ ಪಾಲಕರಾಗಿದ್ದ ಎಡ್ವರ್ಡ್ ಬ್ಲೈತ್ ಅವರು 1854ರಲ್ಲಿ ಇದನ್ನು ಮೊದಲಬಾರಿಗೆ ಶಾಸ್ತ್ರೀಯವಾಗಿ ವರ್ಣಿಸಿದರು. ಆಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಒಣ ಕಲ್ಲುಗಾಡುಗಳು ಇದರ ತೌರು. ಇದರ ದಾಯಾದಿಗಳು ನಮ್ಮ ಸುತ್ತಲೂ ಇವೆ. ಗುಜರಾತ್ ಮತ್ತು ಮಹಾರಾಷ್ಟ್ರಗಳಲ್ಲಿ ಒಂದು ಬಗೆ, ಒಡಿಶಾ ಮತ್ತು ಛತ್ತೀಸಗಢದ ಕಡೆ ಮತ್ತೊಂದು ಬಗೆ ವಾಸಿಸುತ್ತವೆ. ಒಡಿಶಾ ಮತ್ತು ಆಂಧ್ರಪ್ರದೇಶದ ಪೂರ್ವಘಟ್ಟಗಳಲ್ಲಿರುವ ಇನ್ನೊಂದನ್ನು ವಿಜ್ಞಾನಿಗಳು 2022ರಲ್ಲಿ ಪ್ರತ್ಯೇಕ ಪ್ರಭೇದವೆಂದು ಗುರುತಿಸಿದರು.

ಗೋಡೆಯ ಹಲ್ಲಿಗೂ ಇದಕ್ಕೂ ಇರುವ ಭೇದಗಳನ್ನು ಮೊದಲು ಅರಿಯಬೇಕು. ಗೋಡೆಯ ಹಲ್ಲಿಗೆ ಕಣ್ಣುರೆಪ್ಪೆಯಿಲ್ಲ. ಇದಕ್ಕೆ ಮುಚ್ಚಿ ತೆರೆಯುವ ರೆಪ್ಪೆಯುಂಟು. ಗೋಡೆಯ ಹಲ್ಲಿಯ ಬೆರಳುಗಳಲ್ಲಿ ಹಿಡಿದುಕೊಳ್ಳುವ ಪಟ್ಟಿಗಳಿವೆ. ಇದಕ್ಕೆ ಅವು ಇಲ್ಲ, ಉಗುರುಗಳಷ್ಟೇ ಇವೆ. ಆದುದರಿಂದ ಇದು ಗಾಜಿನ ಮೇಲೆ ಏರಲಾರದು. ಬೆಳೆದ ಹಲ್ಲಿಯ ಉದ್ದ ಸುಮಾರು 20ರಿಂದ 25 ಸೆಂಟಿಮೀಟರ್. ಹಳದಿ ಮೈಮೇಲೆ ಕರಿಯ ಚುಕ್ಕೆಗಳು. ಬಾಲ ದಪ್ಪನಾಗಿದ್ದು ಅದರೊಳಗೆ ಕೊಬ್ಬು ಸಂಗ್ರಹವಾಗುತ್ತದೆ. ದುರ್ಭಿಕ್ಷದ ಕಾಲಕ್ಕೆಂದು ಕೂಡಿಟ್ಟ ಠೇವಣಿಯೆಂದು ಇದನ್ನು ಭಾವಿಸಬಹುದು. ಬಾಲದ ದಪ್ಪವನ್ನು ನೋಡಿಯೇ ಹಲ್ಲಿಯ ಆರೋಗ್ಯವನ್ನು ಬಹುಮಟ್ಟಿಗೆ ಅಳೆಯಬಹುದು. ಬೆದರಿದಾಗ ಇದು ಬಾಲವನ್ನು ಕಳಚಿಬಿಡುತ್ತದೆ. ಮತ್ತೆ ಬಾಲ ಬೆಳೆಯುವುದಾದರೂ ಮೊದಲಿನ ಚೆಲುವು ಬಾರದು, ಕೂಡಿಟ್ಟ ಕೊಬ್ಬೂ ಹೋಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಇದರ ಆಯುಸ್ಸು. ಸರಿಯಾದ ಆರೈಕೆಯಲ್ಲಿ ಇದು 15ರಿಂದ 20 ವರ್ಷ ಬದುಕುತ್ತದೆ. ಮೂರನೆಯ ತರಗತಿಯ ಬಾಲಕನಿಗೆ ಇಂದು ತಂದುಕೊಟ್ಟ ಹಲ್ಲಿ, ಅವನು ಓದು ಮುಗಿಸಿ ಪರದೇಶಕ್ಕೆ ಹೊರಟಾಗಲೂ ಮನೆಯಲ್ಲಿಯೇ ಇರುತ್ತದೆ. ಅದರ ಹೊಣೆ ಆಗ ತಂದೆತಾಯಿಗಳದೇ ಆಗುವುದು.

ಮೊದಲು ಕಾಯಿದೆ, ಬಳಿಕ ಖರೀದಿ

ಕೊಳ್ಳುವ ಮುನ್ನ ನೋಡಬೇಕಾದುದು ಕಾಯಿದೆಯನ್ನು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಒಪ್ಪಂದದ ಪಟ್ಟಿಗಳಲ್ಲಿರುವ ಜೀವಿಗಳಿಗಾಗಿ ಅದು ಹೊಸದೊಂದು ಅನುಸೂಚಿಯನ್ನೇ ಸೇರಿಸಿತು. ಅಂತಹ ಜೀವಿಗಳನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಬೇಕೆಂದೂ ಅವುಗಳ ಜನನ, ಮರಣ, ವರ್ಗಾವಣೆಗಳನ್ನು ವರದಿ ಮಾಡಬೇಕೆಂದೂ 2024ರ ನಿಯಮಗಳು ವಿಧಿಸಿವೆ. ಕೇಂದ್ರ ಪರಿಸರ ಮಂತ್ರಾಲಯದ ಪರಿವೇಶ್ ತಾಣದ ಮೂಲಕ ಈ ನೋಂದಣಿ ನಡೆಯುತ್ತದೆ. ನಮ್ಮ ನಾಡಿನ ರಕ್ಷಿತ ವನ್ಯಜೀವಿಗಳನ್ನಂತೂ ಹಿಡಿದು ತರುವುದು, ಮಾರುವುದು, ಮನೆಯಲ್ಲಿಡುವುದು ಎಲ್ಲವೂ ಶಿಕ್ಷಾರ್ಹ ಅಪರಾಧ. ಅದೃಷ್ಟ ತರುವುದೆಂದು ಗುಟ್ಟಾಗಿ ಮಾರಲ್ಪಡುವ ನಕ್ಷತ್ರ ಆಮೆಯೂ ಈ ಗುಂಪಿಗೆ ಸೇರಿದುದು.

ಚಿರತೆಹಲ್ಲಿಯ ಬಳಗ ಭಾರತದ ಕಾಡುಗಳಲ್ಲಿಯೂ ಇರುವುದರಿಂದ ಇಲ್ಲಿ ವಿಶೇಷ ಎಚ್ಚರ ಅವಶ್ಯ. ಅಂಗಡಿಯವನ ಬಾಯಿಮಾತನ್ನು ನಂಬಿ ಹಣ ಕೊಡಲಾಗದು. ಇಂತಹ ಜೀವಿಯನ್ನು ಇಟ್ಟುಕೊಳ್ಳಲು ಅನುಮತಿಯುಂಟೇ, ನೋಂದಣಿ ಬೇಕೇ ಎಂಬುದನ್ನು ಸೈಫಾಬಾದಿನ ಅರಣ್ಯ ಭವನದಲ್ಲಿ ವಿಚಾರಿಸಿ, ಉತ್ತರವನ್ನು ಬರೆಹದಲ್ಲಿ ಪಡೆಯಬೇಕು. ಮಾರುವವನಿಂದ ರಸೀತಿಯನ್ನೂ, ಹಲ್ಲಿ ಸಾಕಣೆಯಲ್ಲಿಯೇ ಹುಟ್ಟಿದುದು, ಕಾಡಿನಿಂದ ಹಿಡಿದುದಲ್ಲ ಎಂಬುದಕ್ಕೆ ದಾಖಲೆಯನ್ನೂ ಕೇಳಬೇಕು. ನಿವೇಶನ ಕೊಳ್ಳುವಾಗ ಪತ್ರಗಳನ್ನು ಪರಿಶೀಲಿಸದೆ ಮುಂಗಡ ಕೊಡುವವರಿಲ್ಲ. ಜೀವವೊಂದನ್ನು ಕೊಳ್ಳುವಾಗಲೂ ಅದೇ ಎಚ್ಚರವಿರಲಿ. ದಾಖಲೆಯಿಲ್ಲದಿದ್ದರೆ ಅಲ್ಲಿಗೇ ಕೈಬಿಡುವುದು ವಿವೇಕ.

ದಾಖಲೆ ಸರಿಯಿದ್ದರೂ ಬಣ್ಣಕ್ಕೆ ಮರುಳಾಗಬಾರದು. ಸಾಕಣೆಗಾರರು ಹಲವು ಪೀಳಿಗೆಗಳ ಆಯ್ಕೆಯಿಂದ ವಿಚಿತ್ರ ವರ್ಣಗಳ ಹಲ್ಲಿಗಳನ್ನು ಪಡೆದಿದ್ದಾರೆ. ಅವುಗಳಲ್ಲಿ 'ಲೆಮನ್ ಫ್ರಾಸ್ಟ್' ಎಂಬ ತಳಿಗೆ ಚರ್ಮದ ಗಂತಿಗಳು ಬರುತ್ತವೆ. ಈ ಬಣ್ಣಕ್ಕೂ ಗಂತಿಗಳಿಗೂ ಒಂದೇ ವಂಶವಾಹಿಯ ನಂಟಿದೆಯೆಂದು 2021ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. 'ಎನಿಗ್ಮಾ' ಎಂಬ ತಳಿಯಲ್ಲಿ ತಲೆ ವಾಲಿಸಿ ಸುತ್ತುವ, ಸಮತೋಲ ತಪ್ಪುವ ನರದೋಷ ಕಾಣುತ್ತದೆ. ಸಾಮಾನ್ಯ ಹಳದಿಚುಕ್ಕೆಯ ಹಲ್ಲಿಯೇ ಮೇಲು.

ವಸತಿಯ ಏರ್ಪಾಡು

ಒಂದು ಬೆಳೆದ ಹಲ್ಲಿಗೆ ಸುಮಾರು 90 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಎತ್ತರದ ಗಾಜಿನ ಪೆಟ್ಟಿಗೆ ಒಳ್ಳೆಯದು. ಎತ್ತರಕ್ಕಿಂತ ನೆಲದ ವಿಸ್ತಾರ ಮುಖ್ಯ, ಏಕೆಂದರೆ ಇದು ನೆಲದ ಜೀವಿ. ಮುಚ್ಚಳ ತಂತಿಬಲೆಯದಾಗಿದ್ದು ಭದ್ರವಾಗಿರಬೇಕು. ಒಂದು ಪೆಟ್ಟಿಗೆಗೆ ಒಂದೇ ಹಲ್ಲಿ. ಒಂಟಿಯಾಗಿ ಬೇಸರವಾದೀತೆಂದು ಜೊತೆ ತರುವುದು ತಪ್ಪು. ಎರಡು ಗಂಡುಗಳು ಕಾದಾಡಿ ಗಾಯಗೊಳ್ಳುತ್ತವೆ. ಎರಡು ಹೆಣ್ಣುಗಳಲ್ಲಿಯೂ ಬಲಶಾಲಿಯಾದುದು ಮತ್ತೊಂದನ್ನು ಆಹಾರದಿಂದಲೂ ಶಾಖದ ಜಾಗದಿಂದಲೂ ದೂರವಿಡುತ್ತದೆ.

ಹಲ್ಲಿಯ ಮೈ ತಾನಾಗಿ ಶಾಖವನ್ನು ಉತ್ಪಾದಿಸಿಕೊಳ್ಳದು. ಬೆಚ್ಚಗಾಗಬೇಕೆಂದರೆ ಬೆಚ್ಚನೆಯ ಕಡೆಗೆ, ತಣ್ಣಗಾಗಬೇಕೆಂದರೆ ತಂಪಿನ ಕಡೆಗೆ ಅದು ನಡೆದುಹೋಗಬೇಕು. ಆದ ಕಾರಣ ಪೆಟ್ಟಿಗೆಯ ಒಂದು ತುದಿ ಬೆಚ್ಚಗೂ ಇನ್ನೊಂದು ತುದಿ ತಂಪಾಗಿಯೂ ಇರಬೇಕು. ಇದೇ ಇಡೀ ವಸತಿಯ ಜೀವಾಳ. ಬೆಚ್ಚನೆಯ ತುದಿಯ ನೆಲ 32ರಿಂದ 34 ಡಿಗ್ರಿ ಸೆಂಟಿಗ್ರೇಡ್, ತಂಪಿನ ತುದಿಯ ಗಾಳಿ 24ರಿಂದ 26 ಡಿಗ್ರಿ ಇದ್ದರೆ ಸಾಕು. ರಾತ್ರಿ 20–22 ಡಿಗ್ರಿಗೆ ಇಳಿದರೂ ತೊಂದರೆಯಿಲ್ಲ. ಹೊಟ್ಟೆಗೆ ಈ ಶಾಖ ದೊರೆಯದಿದ್ದರೆ ತಿಂದುದು ಪಚನವಾಗುವುದಿಲ್ಲ.

ಶಾಖಕ್ಕಾಗಿ ಪೆಟ್ಟಿಗೆಯ ಅಡಿಯಲ್ಲಿ, ಮೂರನೆಯ ಒಂದು ಭಾಗಕ್ಕೆ ಮಾತ್ರ, ವಿದ್ಯುತ್ತಿನ ಶಾಖಪಟ್ಟಿಯನ್ನು ಹಾಸಬಹುದು, ಇಲ್ಲವೇ ಮೇಲಿನಿಂದ ದೀಪವನ್ನು ಇಳಿಬಿಡಬಹುದು. ಯಾವುದಾದರೂ ಸರಿ, ಉಷ್ಣತೆಯನ್ನು ತಾನಾಗಿ ನಿಯಂತ್ರಿಸುವ ಥರ್ಮೋಸ್ಟಾಟ್ ಇಲ್ಲದೆ ಅದನ್ನು ಬಳಸಲೇಬಾರದು. ನಿಯಂತ್ರಣವಿಲ್ಲದ ಪಟ್ಟಿ ಹಲ್ಲಿಯ ಹೊಟ್ಟೆಯನ್ನು ಸುಡುತ್ತದೆ. ಅಂಗಡಿಗಳಲ್ಲಿ ಸಿಗುವ ವಿದ್ಯುತ್ತಿನ 'ಬಿಸಿಕಲ್ಲು' ಸಹ ಇದೇ ಕಾರಣಕ್ಕಾಗಿ ವರ್ಜ್ಯ. ಎರಡೂ ತುದಿಗಳಲ್ಲಿ ಉಷ್ಣಮಾಪಕವಿರಲಿ. ಕೈಯಿಂದ ಮುಟ್ಟಿ ಅಂದಾಜು ಮಾಡುವುದು ಲೆಕ್ಕಕ್ಕೆ ಬಾರದು.

ನೆಲಕ್ಕೆ ಮರಳು ಹರಡುವ ರೂಢಿಯುಂಟು. ಬೇಟೆಯೊಡನೆ ಮರಳನ್ನೂ ನುಂಗಿ ಮರಿಗಳ ಕರುಳು ಕಟ್ಟಿಕೊಳ್ಳುವ ಭಯವಿರುವುದರಿಂದ, ಹೊಸಬರು ಅದನ್ನು ಬಿಡುವುದು ಕ್ಷೇಮ. ಈ ವಿಷಯದಲ್ಲಿ ಹೈದರಾಬಾದಿನ ನಿವಾಸಿಗಳು ಅದೃಷ್ಟವಂತರು. ಕಲಬುರಗಿ ಸೀಮೆಯ ಶಹಾಬಾದ್ ಕಲ್ಲು, ತೆಲಂಗಾಣದ ತಾಂಡೂರು ಕಲ್ಲು ಇಲ್ಲಿ ಸುಲಭವಾಗಿ ಸಿಗುತ್ತವೆ. ಹೊಳಪು ಕೊಡದ ಅಂತಹ ಚಪ್ಪಡಿಯ ತುಂಡನ್ನು ಅಳತೆಗೆ ಕೊಯ್ಯಿಸಿ ಹಾಸಿದರೆ ಅದು ಶಾಖವನ್ನು ಹಿಡಿದಿಡುತ್ತದೆ, ಉಗುರನ್ನು ಸವೆಸುತ್ತದೆ, ಒರೆಸಲೂ ಅನುಕೂಲ. ಆರಂಭದ ಕೆಲವು ವಾರ ಕಾಗದವನ್ನೇ ಹಾಸಿದರೆ ಮಲವನ್ನು ಪರೀಕ್ಷಿಸಲು ಸುಲಭ.

ಅಡಗುವ ಗೂಡುಗಳು ಮೂರು ಬೇಕು: ಬೆಚ್ಚನೆಯ ಕಡೆ ಒಂದು, ತಂಪಿನ ಕಡೆ ಒಂದು, ನಡುವೆ ತೇವದ್ದೊಂದು. ನಾಡಹೆಂಚು, ಅರ್ಧಕ್ಕೆ ಒಡೆದು ಅಂಚು ಉಜ್ಜಿದ ಹೂಕುಂಡ, ಇವೇ ಮೊದಲೆರಡಕ್ಕೆ ಸಾಕು. ಮೂರನೆಯದಕ್ಕೆ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಗೆ ಬಾಗಿಲು ಕೊರೆದು, ಒಳಗೆ ನೀರಿನಲ್ಲಿ ನೆನೆಸಿ ಹಿಂಡಿದ ತೆಂಗಿನ ನಾರು ಅಥವಾ ಕಾಗದ ಇಡಬೇಕು. ಹಲ್ಲಿ ಕಾಲಕಾಲಕ್ಕೆ ಪೊರೆ ಬಿಡುತ್ತದೆ ಮತ್ತು ಬಿಟ್ಟ ಪೊರೆಯನ್ನು ತಾನೇ ತಿನ್ನುತ್ತದೆ. ತೇವ ಸಾಲದಿದ್ದರೆ ಬೆರಳುಗಳಲ್ಲಿ ಪೊರೆ ಉಳಿದು, ದಾರ ಬಿಗಿದಂತಾಗಿ, ರಕ್ತ ಹರಿಯದೆ ಬೆರಳೇ ಉದುರಿಹೋಗುತ್ತದೆ. ಅಗಲವಾದ ತಗ್ಗು ಬಟ್ಟಲಿನಲ್ಲಿ ಪ್ರತಿದಿನ ಹೊಸ ನೀರಿರಲಿ. ಹಗಲು ಸುಮಾರು 12 ಗಂಟೆ ಬೆಳಕು, ರಾತ್ರಿ ಪೂರ್ಣ ಕತ್ತಲೆ ಇರಬೇಕು. ಮಂದವಾದ ಅತಿನೇರಳೆ ದೀಪವೊಂದನ್ನು ಇಡುವುದು ಹಿತವೆಂದು ಈಚಿನ ಪಶುವೈದ್ಯರ ಅಭಿಪ್ರಾಯ.

ಹೈದರಾಬಾದಿನ ಹವೆ

ಹಲ್ಲಿ ಸಾಕಣೆಯ ಪುಸ್ತಕಗಳು ಬಹುಪಾಲು ಚಳಿದೇಶಗಳಲ್ಲಿ ಬರೆಯಲ್ಪಟ್ಟವು. ಪೆಟ್ಟಿಗೆಯನ್ನು ಬೆಚ್ಚಗಿಡುವುದು ಹೇಗೆ ಎಂಬುದೇ ಅವುಗಳ ಚಿಂತೆ. ದಖನ್ ಪ್ರಸ್ಥಭೂಮಿಯ ಮೇಲಿರುವ ಹೈದರಾಬಾದಿನಲ್ಲಿ ಸಮಸ್ಯೆ ವರ್ಷದ ಮೂರು ಕಾಲಗಳಲ್ಲಿ ಮೂರು ಬಗೆ.

ಏಪ್ರಿಲ್, ಮೇ ತಿಂಗಳುಗಳಲ್ಲಿ ಹೊರಗಿನ ಉಷ್ಣತೆ 40 ಡಿಗ್ರಿ ಮುಟ್ಟುತ್ತದೆ. ಮೇಲ್ಮಹಡಿಯ ಮನೆಗಳಲ್ಲಿ ಕಾದ ಛಾವಣಿಯಿಂದಾಗಿ ರಾತ್ರಿಯೂ ಸೆಕೆ ಇಳಿಯದು. ಆಗ ಶಾಖಪಟ್ಟಿ ಕೆಲಸ ಮಾಡಬೇಕಾದ ಅಗತ್ಯವೇ ಇಲ್ಲ. ಬೇಕಾದುದು ತಂಪಿನ ತುದಿ. ಪೆಟ್ಟಿಗೆಯೊಳಗೆ ಎಲ್ಲ ಕಡೆಯೂ 35 ಡಿಗ್ರಿ ದಾಟಿದರೆ ಹಲ್ಲಿಗೆ ಓಡಿಹೋಗಲು ಜಾಗವಿಲ್ಲದೆ ಪ್ರಾಣಕ್ಕೇ ಅಪಾಯ. ಆದುದರಿಂದ ಪೆಟ್ಟಿಗೆಯನ್ನು ಮನೆಯ ಅತಿ ತಂಪಾದ ಕೋಣೆಯಲ್ಲಿ, ನೆಲಕ್ಕೆ ಹತ್ತಿರವಾಗಿ, ಪಶ್ಚಿಮದ ಗೋಡೆಯಿಂದ ದೂರವಾಗಿ ಇಡಬೇಕು. ತಂಪಿನ ತುದಿಯ ಹೊರಮೈಗೆ ಒದ್ದೆಬಟ್ಟೆ ಹೊದಿಸಿ ಫ್ಯಾನ್ ಬೀಸುವುದು ಸುಲಭೋಪಾಯ. ಬಿಸಿಲು ಕಾಯಲೆಂದು ಗಾಜಿನ ಪೆಟ್ಟಿಗೆಯನ್ನು ಬಾಲ್ಕನಿಯಲ್ಲಿಟ್ಟರೆ ಕೆಲವೇ ನಿಮಿಷಗಳಲ್ಲಿ ಅದು ಒಲೆಯಾಗುತ್ತದೆ. ಇದೇ ಕಾಲದ ಒಣಗಾಳಿ ಪೊರೆಗೂ ಅಡ್ಡಿ. ತೇವದ ಗೂಡನ್ನು ದಿನವೂ ನೋಡಬೇಕು.

ಜುಲೈಯಿಂದ ಸೆಪ್ಟೆಂಬರಿನವರೆಗೆ ಮಳೆಗಾಲದ ತೇವ. ಒಣನಾಡಿನ ಈ ಜೀವಿಗೆ ಸುತ್ತಲೂ ಜಿನುಗು ಹಿಡಿದರೆ ಶ್ವಾಸರೋಗ ತಗಲಬಹುದು. ಗೂಡುಗಳಲ್ಲಿ ಬೂಷ್ಟು ಬೆಳೆಯುತ್ತದೆ. ಆಗ ಗಾಳಿಯಾಡುವಿಕೆಗೆ ಗಮನ ಕೊಟ್ಟು, ತೇವದ ಗೂಡಿನ ನಾರನ್ನು ಪದೇ ಪದೇ ಬದಲಿಸಬೇಕು.

ಡಿಸೆಂಬರ್ ಮತ್ತು ಜನವರಿಯ ರಾತ್ರಿಗಳಲ್ಲಿ ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಶಾಖಪಟ್ಟಿ ನಿಜವಾಗಿ ದುಡಿಯುವುದು ಈ ಕಾಲದಲ್ಲಿ. ವಿದ್ಯುತ್ ನಿಂತರೆ ಪೆಟ್ಟಿಗೆಗೆ ಕಂಬಳಿ ಹೊದಿಸಿ, ಗಾಳಿಗೆ ಸಂದು ಬಿಡಬೇಕು. ಸೊಳ್ಳೆಬತ್ತಿ, ಕೀಟನಾಶಕ, ಧೂಪದ ಹೊಗೆ ಇವು ವರ್ಷವಿಡೀ ಆ ಕೋಣೆಗೆ ನಿಷಿದ್ಧ.

ಆಹಾರ: ಸಸ್ಯಾಹಾರಿ ಮನೆಯ ಧರ್ಮಸಂಕಟ

ಚಿರತೆಹಲ್ಲಿ ಶುದ್ಧ ಕೀಟಾಹಾರಿ. ಅನ್ನ, ಹಣ್ಣು, ಸೊಪ್ಪು, ಹಾಲು ಯಾವುದನ್ನೂ ಅದು ಪಚನ ಮಾಡಿಕೊಂಡು ಬದುಕಲಾರದು. ಜೀವಂತ ಕೀಟಗಳನ್ನು ಮನೆಯಲ್ಲಿಟ್ಟು ಉಣಿಸಲೇಬೇಕು. ಅನೇಕ ಕನ್ನಡ ಕುಟುಂಬಗಳು ಸಸ್ಯಾಹಾರಿಗಳಾದುದರಿಂದ ಈ ಪ್ರಶ್ನೆ ಕೊಳ್ಳುವ ಮೊದಲೇ ಹಿರಿಯರೆದುರು ಇತ್ಯರ್ಥವಾಗಬೇಕು. ಹಲ್ಲಿ ತಂದ ಮೇಲೆ ಹುಳುವಿನ ಡಬ್ಬಿ ಮನೆಗೆ ಬರಕೂಡದೆಂದರೆ ಉಪವಾಸ ಬೀಳುವುದು ಹಲ್ಲಿಯೇ. ಹಲ್ಲಿಯನ್ನು ಸಸ್ಯಾಹಾರಿಯನ್ನಾಗಿ ಮಾಡುವ ಪ್ರಯತ್ನ ಅಹಿಂಸೆಯಾಗದು, ನಿಧಾನವಾದ ಹಿಂಸೆಯಾದೀತು.

ಚಿಮ್ಮಂಡೆಗಳು, ಸಾಕಣೆಯ ಜಿರಲೆಗಳು, ಹಿಟ್ಟಿನ ಹುಳುಗಳು, ರೇಷ್ಮೆಹುಳುಗಳು ಯೋಗ್ಯ ಆಹಾರ. ಮರಿಗೆ ದಿನವೂ, ಬೆಳೆದುದಕ್ಕೆ ವಾರಕ್ಕೆ ಎರಡು ಮೂರು ಬಾರಿ, ಸಂಜೆಯ ಹೊತ್ತು ಕೊಡಬೇಕು. ಹಲ್ಲಿಯ ಎರಡು ಕಣ್ಣುಗಳ ನಡುವಣ ಅಂತರಕ್ಕಿಂತ ದೊಡ್ಡದಾದ ಕೀಟ ಬೇಡ. ತಿನ್ನದೆ ಉಳಿದ ಚಿಮ್ಮಂಡೆಗಳನ್ನು ತೆಗೆಯದಿದ್ದರೆ ಅವು ಮಲಗಿದ ಹಲ್ಲಿಯನ್ನೇ ಕಚ್ಚುತ್ತವೆ. ಅಡಿಗೆಮನೆಯಲ್ಲಿ ಹಿಡಿದ ಜಿರಲೆಯನ್ನು ಎಂದಿಗೂ ಕೊಡಬಾರದು, ಅದರ ಮೈಯಲ್ಲಿ ಕೀಟನಾಶಕದ ವಿಷವಿರಬಹುದು. ಮಿಂಚುಹುಳುವೂ ಹಲ್ಲಿಗಳಿಗೆ ವಿಷವೇ.

ಹುಳು ಪುಷ್ಟವಾಗಿದ್ದರೆ ಮಾತ್ರ ಹಲ್ಲಿ ಪುಷ್ಟವಾದೀತು. ಆದುದರಿಂದ ಉಣಿಸುವ ಒಂದು ದಿನ ಮುಂಚೆ ಕೀಟಗಳಿಗೆ ಗಜ್ಜರಿ, ಸೊಪ್ಪು, ಧಾನ್ಯದ ಹಿಟ್ಟು ತಿನ್ನಿಸಬೇಕು. ಕೀಟಗಳಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಬಹಳ ಕಡಿಮೆ. ಅವುಗಳ ಮೇಲೆ ಸರೀಸೃಪಗಳಿಗಾಗಿಯೇ ತಯಾರಾದ ಕ್ಯಾಲ್ಸಿಯಂ ಪುಡಿಯನ್ನು ಉದುರಿಸಿ ಕೊಡಬೇಕು. ಅದು ದೇಹಗತವಾಗಲು 'ಡಿ-3' ಜೀವಸತ್ವವೂ ಬೇಕು. ಅದರ ಪ್ರಮಾಣವನ್ನು ಪಶುವೈದ್ಯರಿಂದ ತಿಳಿಯಬೇಕು, ಏಕೆಂದರೆ ಅತಿಯಾದರೆ ಅದೂ ಕೇಡು. ಎಲೆಅಡಿಕೆಗೆ ಹಚ್ಚುವ ಸುಣ್ಣ ಈ ಕಾರ್ಯಕ್ಕೆ ಸಲ್ಲದು. ಅದು ಬಾಯಿ ಹೊಟ್ಟೆಗಳನ್ನು ಸುಡುವ ಕ್ಷಾರ.

ಕ್ಯಾಲ್ಸಿಯಂ ಸಾಲದಿದ್ದರೆ ದೇಹ ಎಲುಬಿನ ಸುಣ್ಣವನ್ನೇ ಕರಗಿಸಿ ಬಳಸುತ್ತದೆ. ಅಸಲನ್ನೇ ತಿಂದು ಬದುಕುವ ಸಂಸಾರದ ಗತಿ ಅದರದೂ ಆಗುತ್ತದೆ. ದವಡೆ ಮೆತ್ತಗಾಗುವುದು, ಕಾಲು ಬಾಗುವುದು, ಮೈಯೆತ್ತಿ ನಡೆಯಲಾರದೆ ತೆವಳುವುದು, ನಡುಕ ಇವು ಲಕ್ಷಣಗಳು. ಮಕ್ಕಳ ರಿಕೆಟ್ಸ್ ರೋಗವನ್ನು ನೆನಪಿಗೆ ತರುವ ಈ ವ್ಯಾಧಿ, ಸಾಕಿದ ಹಲ್ಲಿಗಳಿಗೆ ಅಜ್ಞಾನದಿಂದ ಬರುವ ರೋಗಗಳಲ್ಲಿ ಪ್ರಮುಖವಾದುದು.

ಬಾಲ ಸೊರಗುವುದು, ಬೇಧಿ, ಬಾಯಿ ತೆರೆದು ಉಸಿರಾಡುವುದು, ಕಣ್ಣು ಮುಚ್ಚಿಕೊಂಡೇ ಇರುವುದು, ಮರಿ ಕೆಲವು ದಿನ ಆಹಾರ ಮುಟ್ಟದಿರುವುದು, ಇವು ಕಂಡರೆ ತಡಮಾಡಬಾರದು. ರಾಜೇಂದ್ರನಗರದಲ್ಲಿ ಪಶುವೈದ್ಯ ಕಾಲೇಜಿದೆ, ನಗರದಲ್ಲಿ ಖಾಸಗಿ ವೈದ್ಯರೂ ಇದ್ದಾರೆ. ಆದರೆ ನಾಯಿ ಬೆಕ್ಕುಗಳ ವೈದ್ಯರೆಲ್ಲರೂ ಸರೀಸೃಪಗಳನ್ನು ನೋಡುವುದಿಲ್ಲ. ನೋಡುವ ವೈದ್ಯರನ್ನು ಗೊತ್ತುಮಾಡಿಕೊಂಡ ಬಳಿಕವೇ ಹಲ್ಲಿಯನ್ನು ತರಬೇಕು. ತಂದ ಕೂಡಲೆ ಮಲಪರೀಕ್ಷೆ ಮಾಡಿಸಿ, ಒಂದೆರಡು ವಾರ ಅದನ್ನು ಮುಟ್ಟದೆ, ಹೊಸ ಜಾಗಕ್ಕೆ ಹೊಂದಿಕೊಳ್ಳಲು ಬಿಡಬೇಕು.

ಮನೆಮಂದಿಯ ಆರೋಗ್ಯ

ಹಲ್ಲಿಯಲ್ಲಿ ವಿಷವಿದೆಯೆಂಬ ಭಯ ನಮ್ಮಲ್ಲಿ ಹಳೆಯದು. ಈ ಭಯ ನಿರಾಧಾರ. ಗೋಡೆಯ ಹಲ್ಲಿಗಾಗಲಿ ಚಿರತೆಹಲ್ಲಿಗಾಗಲಿ ವಿಷವಿಲ್ಲ. ಆದರೆ ಹಲ್ಲಿ ಮೈಮೇಲೆ ಬಿದ್ದರೆ ಸ್ನಾನ ಮಾಡಬೇಕೆಂಬ ರೂಢಿಯಲ್ಲಿ ಅಡಗಿರುವ ಎಚ್ಚರವನ್ನು ನಗೆಯಾಡಿ ತಳ್ಳಲಾಗದು. ಹಲ್ಲಿ, ಹಾವು, ಆಮೆ ಮೊದಲಾದ ಸರೀಸೃಪಗಳ ಕರುಳಿನಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣುಗಳು ಸಾಮಾನ್ಯವಾಗಿ ನೆಲೆಸಿರುತ್ತವೆ. ಇವು ಟೈಫಾಯಿಡ್ ತರುವ ರೋಗಾಣುವಿನ ಬಳಗದವು. ಹಲ್ಲಿಗೆ ಅವುಗಳಿಂದ ತೊಂದರೆಯಿಲ್ಲದೆ ಇರಬಹುದು. ನೋಡಲು ಅದು ಸ್ವಚ್ಛವಾಗಿಯೂ ಚುರುಕಾಗಿಯೂ ಇರುತ್ತದೆ. ಆದರೆ ಮಲದ ಮೂಲಕ ಹೊರಬಿದ್ದ ರೋಗಾಣುಗಳು ಅದರ ಚರ್ಮಕ್ಕೆ, ನೀರಿನ ಬಟ್ಟಲಿಗೆ, ಪೆಟ್ಟಿಗೆಯ ಗಾಜಿಗೆ ಅಂಟಿಕೊಂಡು, ಮುಟ್ಟಿದವರ ಕೈಯಿಂದ ಬಾಯಿಗೆ ಸೇರುತ್ತವೆ. ಅವು ಒಮ್ಮೆ ಹೊರಬಿದ್ದು ಒಮ್ಮೆ ನಿಲ್ಲುವುದರಿಂದ, ಒಂದು ಪರೀಕ್ಷೆಯಲ್ಲಿ ರೋಗಾಣು ಕಾಣಲಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ.

ಅಮೆರಿಕದಲ್ಲಿ ಪುಟ್ಟ ಆಮೆಮರಿಗಳನ್ನು ಮಕ್ಕಳ ಕೈಗೆ ಕೊಡುವ ರೂಢಿ ಒಂದು ಕಾಲದಲ್ಲಿ ಮನೆಮನೆಗೂ ಹಬ್ಬಿತ್ತು. ಅವುಗಳಿಂದ ಮಕ್ಕಳಿಗೆ ಈ ರೋಗ ವ್ಯಾಪಕವಾಗಿ ತಗಲುತ್ತಿರುವುದು ಕಂಡುಬಂದು, ಅಲ್ಲಿನ ಸರ್ಕಾರ 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಕಡಿಮೆ ಉದ್ದದ ಚಿಪ್ಪಿನ ಆಮೆಗಳ ಮಾರಾಟವನ್ನೇ ನಿಷೇಧಿಸಿತು. ಮಕ್ಕಳು ಅವನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರೆಂಬುದೇ ಆ ಅಳತೆಯ ಹಿಂದಿನ ಕಾರಣ.

ಸೋಂಕು ತಗಲಿದ ಕೆಲವು ಗಂಟೆಗಳಿಂದ ಆರು ದಿನಗಳೊಳಗೆ ಜ್ವರ, ಹೊಟ್ಟೆನುಲಿತ, ಬೇಧಿ ಕಾಣಿಸಿಕೊಳ್ಳುತ್ತವೆ. ಆರೋಗ್ಯವಂತ ವಯಸ್ಕರು ಸಾಮಾನ್ಯವಾಗಿ ವಾರದೊಳಗೆ ಚೇತರಿಸಿಕೊಳ್ಳುತ್ತಾರೆ. ಆದರೆ ಶಿಶುಗಳಲ್ಲಿ, ವೃದ್ಧರಲ್ಲಿ, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ರೋಗಾಣು ಕರುಳನ್ನು ದಾಟಿ ರಕ್ತಕ್ಕೆ ಸೇರಬಹುದು. ಎಳೆಯ ಶಿಶುಗಳಲ್ಲಿ ಮಿದುಳುಪೊರೆಯ ಉರಿಯೂತವನ್ನೂ ಉಂಟುಮಾಡಬಹುದು. ಆದಕಾರಣ ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಸರೀಸೃಪ ಬೇಡವೆಂಬುದು ಆರೋಗ್ಯ ತಜ್ಞರ ಸ್ಪಷ್ಟ ಸಲಹೆ. ಗರ್ಭಿಣಿಯರು, ಅರವತ್ತೈದು ದಾಟಿದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಇರುವ ಮನೆಗಳೂ ವೈದ್ಯರನ್ನು ಕೇಳದೆ ಮುಂದುವರಿಯಬಾರದು. ಮೊಮ್ಮಗುವಿನ ಬಾಣಂತನಕ್ಕೆ ಮಗಳು ಮನೆಗೆ ಬರುವವಳಿದ್ದರೆ ಹಲ್ಲಿಯ ಆಸೆಯನ್ನು ಕೆಲವು ವರ್ಷ ಮುಂದೂಡುವುದೇ ಲೇಸು.

ಉಳಿದವರು ಈ ನಿಯಮಗಳನ್ನು ತಪ್ಪದೆ ಪಾಲಿಸಬೇಕು:

1. ಹಲ್ಲಿಯನ್ನಾಗಲಿ ಪೆಟ್ಟಿಗೆಯನ್ನಾಗಲಿ ಮುಟ್ಟಿದ ಮೇಲೆ ಸಾಬೂನು ಹಚ್ಚಿ, ಕನಿಷ್ಠ 20 ಸೆಕೆಂಡು ಉಜ್ಜಿ ಕೈ ತೊಳೆಯಬೇಕು. ಮಕ್ಕಳು ತೊಳೆಯುವುದನ್ನು ದೊಡ್ಡವರು ನಿಂತು ನೋಡಬೇಕು.

2. ಪೆಟ್ಟಿಗೆಯನ್ನು ಅಡಿಗೆಮನೆ, ಊಟದ ಕೋಣೆ, ದೇವರ ಕೋಣೆಗಳಲ್ಲಿ ಇಡಬಾರದು.

3. ಅದರ ಬಟ್ಟಲು ಚಪ್ಪಡಿಗಳನ್ನು ಪಾತ್ರೆ ತೊಳೆಯುವ ಸಿಂಕಿನಲ್ಲಿ ತೊಳೆಯಬಾರದು. ಅದಕ್ಕೆಂದೇ ಪ್ರತ್ಯೇಕ ಬಕೆಟ್ಟು, ಬ್ರಷ್ಷು ಇರಲಿ. ತೊಳೆದ ನೀರು ಶೌಚಾಲಯಕ್ಕೆ ಸೇರಲಿ.

4. ಹಲ್ಲಿಗೆ ಮುತ್ತಿಡುವುದು, ಮುಖದ ಹತ್ತಿರ ಹಿಡಿಯುವುದು, ಮನೆಯಲ್ಲೆಲ್ಲ ಓಡಾಡಲು ಬಿಡುವುದು, ಅದನ್ನು ಹಿಡಿದುಕೊಂಡು ತಿನ್ನುವುದು ಕೂಡದು.

5. ಮಲವನ್ನು ಪ್ರತಿದಿನ ತೆಗೆದು, ನಿಯತವಾಗಿ ಪೆಟ್ಟಿಗೆಯನ್ನು ಸೋಂಕುನಾಶಕದಿಂದ ಒರೆಸಿ, ನೀರಿನಿಂದ ಚೆನ್ನಾಗಿ ತೊಳೆದು ಒಣಗಿಸಬೇಕು.

6. ಮನೆಯಲ್ಲಿ ಯಾರಿಗಾದರೂ ಜ್ವರ ಬೇಧಿಗಳಾದರೆ, ಹಲ್ಲಿ ಸಾಕಿರುವ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ನಿರ್ಜಲತೆಯನ್ನು ತಡೆಯಲು ಓ.ಆರ್.ಎಸ್. ದ್ರಾವಣ ಕೊಡಬೇಕು.

ಖರ್ಚಿನ ಲೆಕ್ಕ

ಹಲ್ಲಿಯ ಬೆಲೆಯನ್ನೇ ಸಾಕಣೆಯ ವೆಚ್ಚವೆಂದು ಭಾವಿಸುವುದು ದೊಡ್ಡ ತಪ್ಪು. ಪೆಟ್ಟಿಗೆ, ಶಾಖಪಟ್ಟಿ, ಥರ್ಮೋಸ್ಟಾಟ್, ಮಾಪಕಗಳು ಇವು ಬಂಡವಾಳ ವೆಚ್ಚ. ಕೀಟ, ಪುಡಿ, ದೀಪದ ಬದಲಾವಣೆ, ವೈದ್ಯರ ಶುಲ್ಕ ಇವು ವರ್ಷವರ್ಷವೂ ಬರುವ ಆವರ್ತ ವೆಚ್ಚ. ವಿದ್ಯುತ್ತಿನ ಖರ್ಚು ಅಷ್ಟೇನಿಲ್ಲ. 15 ವಾಟಿನ ಪಟ್ಟಿ ದಿನಕ್ಕೆ 12 ಗಂಟೆ ಉರಿದರೆ ತಿಂಗಳಿಗೆ 5.4 ಯೂನಿಟ್ ಆಗುತ್ತದೆ. ನಿಜವಾದ ಭಾರ ಕಾಲಾವಧಿಯದು. ಮಾಸಿಕ ವೆಚ್ಚವನ್ನು 12ರಿಂದಲೂ ಬಳಿಕ 15ರಿಂದಲೂ ಗುಣಿಸಿ ನೋಡಿ ನಿರ್ಧರಿಸುವುದು ಜಾಣತನ.

ಹಣದ ಲೆಕ್ಕಕ್ಕೆ ಸಿಗದ ಇನ್ನೊಂದು ವೆಚ್ಚವುಂಟು. ಬೇಸಗೆ ರಜೆ ಬಂದೊಡನೆ ಧಾರವಾಡ, ರಾಯಚೂರು, ಶಿವಮೊಗ್ಗಗಳ ರೈಲು ಬಸ್ಸುಗಳನ್ನೇರುವುದು ಹೊರನಾಡ ಕನ್ನಡಿಗರ ಪದ್ಧತಿ. ಹಲ್ಲಿಗೆ ಅತ್ಯಂತ ಅಪಾಯದ ತಿಂಗಳೂ ಅದೇ. ಬೀಗ ಹಾಕಿದ ಮನೆಯಲ್ಲಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ, ಮೇ ತಿಂಗಳ ಸೆಕೆಯಲ್ಲಿ ಅದನ್ನು ಬಿಟ್ಟುಹೋಗುವಂತಿಲ್ಲ. ನೀರು ಬದಲಿಸಿ, ಉಷ್ಣತೆ ನೋಡುವ ನಂಬಿಕಸ್ತ ನೆರೆಯವರಿಲ್ಲದವರು ಈ ಹೊಣೆಯನ್ನು ಹೊರದಿರುವುದೇ ಒಳ್ಳೆಯದು. ಸಾಕಲಾಗದೆ ಬೇಸತ್ತು ಅದನ್ನು ಕೆರೆಯ ದಂಡೆಗೋ ಉದ್ಯಾನಕ್ಕೋ ಬಿಟ್ಟುಬರುವುದಂತೂ ಹಲ್ಲಿಗೂ ಅಲ್ಲಿನ ಜೀವಿಗಳಿಗೂ ಮಾಡುವ ದ್ರೋಹ.

ಉಪಸಂಹಾರ

ಕಾಯಿದೆಯ ಅನುಮತಿ, ಎಳೆಯ ಮಕ್ಕಳಿಲ್ಲದ ಮನೆ, ಕೀಟಾಹಾರಕ್ಕೆ ಹಿರಿಯರ ಒಪ್ಪಿಗೆ, ಸರೀಸೃಪಗಳನ್ನು ಬಲ್ಲ ವೈದ್ಯರು, ಹದಿನೈದು ವರ್ಷಗಳ ತಾಳ್ಮೆ ಈ ಐದೂ ಇದ್ದವರು ಚಿರತೆಹಲ್ಲಿಯನ್ನು ಸಾಕಿ ಸಂತೋಷಪಡಬಹುದು. ಒಂದು ಇಲ್ಲದಿದ್ದರೂ ಆಸೆಯನ್ನು ಬೇರೆಡೆ ತಿರುಗಿಸಬೇಕು. ಹಾಗೆ ತಿರುಗಿಸಲು ಹೈದರಾಬಾದಿನಲ್ಲಿ ಅವಕಾಶಗಳಿಗೆ ಕೊರತೆಯಿಲ್ಲ. 1963ರ ಅಕ್ಟೋಬರ್ 6ರಂದು ಸಾರ್ವಜನಿಕರಿಗೆ ತೆರೆದ ನೆಹರೂ ಪ್ರಾಣಿಸಂಗ್ರಹಾಲಯದಲ್ಲಿ ಸರೀಸೃಪಗಳ ವಿಭಾಗವಿದೆ. ಅಲ್ಲಿಯ ಪ್ರಾಣಿಗಳ ಪೋಷಣೆಯ ವೆಚ್ಚವನ್ನು ಸಾರ್ವಜನಿಕರು ವಹಿಸಿಕೊಳ್ಳುವ ದತ್ತು ಯೋಜನೆಯೂ ಉಂಟು. ಮಗುವಿನ ಹುಟ್ಟುಹಬ್ಬಕ್ಕೆ ಆ ರಸೀತಿ ಒಳ್ಳೆಯ ಉಡುಗೊರೆಯಾದೀತು.

ಅದಕ್ಕೂ ಹಣವಿಲ್ಲದವರಿಗೆ ಮನೆಯ ಟ್ಯೂಬ್‌ಲೈಟಿನ ಹಿಂದೆ ಒಂದು ಹಲ್ಲಿ ಇದ್ದೇ ಇರುತ್ತದೆ. ಅದು ಎಷ್ಟು ಹೊತ್ತಿಗೆ ಹೊರಬರುತ್ತದೆ, ಯಾವ ಹುಳುವಿಗಾಗಿ ಕಾಯುತ್ತದೆ, ಚಳಿಗಾಲದಲ್ಲಿ ಏಕೆ ಕಾಣಿಸುವುದಿಲ್ಲ ಎಂಬುದನ್ನು ಮಕ್ಕಳು ಪುಸ್ತಕವೊಂದರಲ್ಲಿ ದಿನವೂ ಬರೆದಿಡಲಿ. ಅದಕ್ಕೆ ಪೆಟ್ಟಿಗೆ ಬೇಡ, ಪರವಾನಗಿ ಬೇಡ. ಮುಟ್ಟದೆ ನೋಡುವುದರಿಂದ ಮಕ್ಕಳ ಆರೋಗ್ಯಕ್ಕೂ ಚ್ಯುತಿಯಿಲ್ಲ.